ಚಿಲ್ಲರೆಯ ಕಥೆಗೆ ಅಷ್ಟೊಂದು ಚಿನ್ನ ಯಾಕೆ?

ನಮಸ್ಕಾರ,

ನೀವು ಕಳಿಸಿದ ಕಥೆ ‘ಕಾಗದದ ಪೆಸೆಟಾ’ (ಪೆಸೆಟಾ ಅಂದರೆ ಸ್ಪೇನಿನ ಆಗಿನ ದುಡ್ಡು) ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡುವ ಕಥೆಯೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1937ರ ಸ್ಪೇನ್. ಅಂತರ್ಯುದ್ಧ. ಜಿರೋನಾ ಅನ್ನೋ ಊರಿನ ಪುರಸಭೆ ತಾನೇ ಅಚ್ಚು ಹಾಕಿಸಿದ ನೋಟು, ಅದನ್ನು ಎಣಿಸುತ್ತಾ ಕೂತ ಬ್ರೆಡ್ ಅಂಗಡಿಯ ಹೆಂಗಸು. ವಸ್ತು ಚೆನ್ನಾಗಿದೆ. ಆದರೆ ಮೊದಲ ಎರಡು ಪುಟ ಪೂರ್ತಿ ಸ್ಪೇನ್ ಸರ್ಕಾರದ ಖಜಾನೆಯಿಂದ ಮಾಸ್ಕೋಗೆ ಹೋದ 510 ಟನ್ ಚಿನ್ನವೇ ತುಂಬಿಕೊಂಡಿದೆ. ನಡೆದದ್ದು ನಿಜ. ಆದರೆ ನಿಮ್ಮ ಅಂಗಡಿಯಾಕೆಯ ತಲೆನೋವು ಅದಲ್ಲವಲ್ಲ! ಯುದ್ಧ ಶುರುವಾಗಿದ್ದೇ ತಡ, ಜನ ಬೆಳ್ಳಿ ನಾಣ್ಯ ಬಚ್ಚಿಟ್ಟರು. ದೊಡ್ಡ ನೋಟು ಇತ್ತು, ಚಿಲ್ಲರೆ ಇರಲಿಲ್ಲ. ಬ್ರೆಡ್ ಕೊಂಡವರಿಗೆ ವಾಪಸ್ ಏನು ಕೊಡುವುದು? ಅದಕ್ಕೇ ಊರೂರಿನ ಪುರಸಭೆಗಳು 25 ಸೆಂಟಿಮೊ, 50 ಸೆಂಟಿಮೊ (ನೂರು ಸೆಂಟಿಮೊಗೆ ಒಂದು ಪೆಸೆಟಾ), ಒಂದು ಪೆಸೆಟಾದ ಚೀಟಿ ಅಚ್ಚು ಹಾಕಿಸಿದವು. ನಮ್ಮ ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಡುವ ಬಾಕಿ ಇದೆಯಲ್ಲ, ಹಾಗೆ. ಆ ಬಸ್ಸು ಬಿಟ್ಟರೆ ಬೇರೆಲ್ಲೂ ನಡೆಯುವುದಿಲ್ಲ.

ನೀವು ಎಡವಿದ್ದೂ ಇಲ್ಲೇ. ನಿಮ್ಮ ನಾಯಕ ಬಾರ್ಸಿಲೋನಾಗೆ ಹೋಗಿ, ಜಿರೋನಾದ ಚೀಟಿ ಕೊಟ್ಟು ಆರಾಮಾಗಿ ಕಾಫಿ ಕುಡಿದು ಬರುತ್ತಾನೆ. ಹೋಟೆಲಿನವನು ಅದನ್ನು ಯಾಕೆ ತಗೋತಾನೆ? ಬೇಡ ಅನ್ನಲಿ. ಜೇಬು ತುಂಬಾ ದುಡ್ಡು, ಒಂದು ಲೋಟ ಕಾಫಿಗೆ ಗತಿಯಿಲ್ಲ. ನಿಮ್ಮ ಕಥೆ ಅಲ್ಲಿಂದಲೇ ಶುರುವಾಗಬೇಕು, ಅಲ್ವಾ?

ನೋಟನ್ನು ‘ಮಾಸಿದ ಕಾಗದ’ ಅಂತ ಸುಮ್ನೆ ದಾಟಿಸಿಬಿಟ್ಟಿದ್ದೀರಿ. ಅದರ ಮೇಲೆ ಊರ ಹೆಸರಿದೆ, ಮೇಯರ್ ಸಹಿ ಇದೆ. ಆ ಮೇಯರ್ ಅವಳ ಅಂಗಡಿಗೇ ಬ್ರೆಡ್ಡಿಗೆ ಬರುವವನಾದರೆ? ಅವನದೇ ಸಹಿಯ ಚೀಟಿಯನ್ನು ಅವನ ಕೈಗೇ ಚಿಲ್ಲರೆಯಾಗಿ ಕೊಡುವಾಗ ಅವಳ ಮುಖ ಹೇಗಿರುತ್ತದೆ? ನನಗೆ ಅದನ್ನು ಓದಬೇಕು.

ಕೊನೆಯ ಪುಟದ ಮಳೆ, ಕಣ್ಣೀರು ಜಾಸ್ತಿಯಾಯಿತು. 1938ರ ಜನವರಿಯಲ್ಲಿ ಗಣರಾಜ್ಯ ಸರ್ಕಾರವೇ ಈ ಚೀಟಿಗಳನ್ನು ವಾಪಸ್ ಪಡೆಯಲು ಹೇಳಿತು. ಬದಲಿಗೆ ಬಂದದ್ದು ಅಂಚೆಚೀಟಿ ಅಂಟಿಸಿದ ದುಂಡನೆಯ ರಟ್ಟಿನ ಬಿಲ್ಲೆಗಳು. ಮರುವರ್ಷ ಫೆಬ್ರವರಿಯಲ್ಲಿ, ಗಣರಾಜ್ಯದ ವಿರುದ್ಧ ದಂಗೆಯೆದ್ದಿದ್ದ ಜನರಲ್ ಫ್ರಾಂಕೋನ ಸೈನ್ಯ ಜಿರೋನಾಗೆ ಬಂತು. ಯುದ್ಧ ಶುರುವಾದ ಮೇಲೆ ಗಣರಾಜ್ಯದ ಕಡೆಯವರು ಹೊರಡಿಸಿದ ನೋಟಿಗೆ ಫ್ರಾಂಕೋ ಕಡೆಯವರ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲ. ಇಷ್ಟು ಸಾಲದೇ? ಮಳೆ ಯಾಕೆ ಬೇಕು?

ಚಿನ್ನದ ಎರಡು ಪುಟ ಕಿತ್ತು ಹಾಕಿ, ಬಾರ್ಸಿಲೋನಾದ ದೃಶ್ಯ ಹೊಸದಾಗಿ ಬರೆದು ಕಳಿಸಿ. ಮೊದಲು ನಾನೇ ಓದುತ್ತೇನೆ.