15ನೇ ಹಂತ ಮುಟ್ಟಿದರೂ ನಾಣ್ಯ ಬರಲಿಲ್ಲವೇಕೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರ: ಬೀಡಿ ಕಟ್ಟಿ ಉಳಿದ ಹೊತ್ತಿನಲ್ಲಿ ಬಹುಮಾನ ಕೊಡುವ ಆ್ಯಪ್‌ನಲ್ಲಿ ಆಟ ಆಡುತ್ತೇನೆ. 20 ದಿನ, ದಿನಕ್ಕೆ ಒಂದೂವರೆ ಗಂಟೆ ಆಡಿ 140 ರೂಪಾಯಿಯಷ್ಟು ನಾಣ್ಯ ಸೇರಿದೆ. ಒಂದು ಆಟದಲ್ಲಿ 15ನೇ ಹಂತ ಮುಟ್ಟಿದರೂ ನಾಣ್ಯ ಬರಲಿಲ್ಲ. ಆ ಆಟವನ್ನು ಹಿಂದೆ ಮಗ ಇದೇ ಫೋನಿಗೆ ಹಾಕಿ ತೆಗೆದಿದ್ದ. ಈಗ ಟೆಲಿಗ್ರಾಮ್‌ನಲ್ಲಿ ಒಬ್ಬರು ವಿಡಿಯೋಗೆ ಲೈಕ್ ಒತ್ತಿದ್ದಕ್ಕೆ ಮೂರು ಸಲ 50 ರೂಪಾಯಿ ಹಾಕಿದರು. ಮುಂದಿನ ಕೆಲಸಕ್ಕೆ 1000 ಕಟ್ಟಬೇಕಂತೆ. ಕಟ್ಟಲೇ?

ಸಂಪಾದಕರ ಉತ್ತರ: ಕಟ್ಟಬೇಡಿ. ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸುವುದೇ ಈ ಮೋಸದ ರೀತಿ. 1000 ಕಟ್ಟಿದರೆ 1300 ತೋರಿಸುತ್ತಾರೆ, ತೆಗೆಯಲು ಹೋದರೆ 5000 ಕೇಳುತ್ತಾರೆ. ನಿಮಗೆ ಬಂದ 150 ಕೂಡ ಮೋಸಹೋದ ಇನ್ನೊಬ್ಬರ ಹಣವಾಗಿರಬಹುದು. ಅವರು ದೂರು ಕೊಟ್ಟರೆ ಅದನ್ನು ಪಡೆದವರ ಖಾತೆಯೂ ಸ್ತಂಭಿಸುವುದುಂಟು. ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಯಾಂಕಿನ ಶಾಖೆಗೆ ಈಗಲೇ ತಿಳಿಸಿ. ಈಗಾಗಲೇ ಏನಾದರೂ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಆ 15ನೇ ಹಂತ. ಹೊಸಬರನ್ನು ಕರೆತಂದದ್ದಕ್ಕೆ ಆಟದ ಕಂಪನಿ ಆ್ಯಪ್‌ನವರಿಗೆ ಹಣ ಕೊಡುತ್ತದೆ. ಅದರಲ್ಲಿ ಒಂದು ಪಾಲು ನಿಮ್ಮ ನಾಣ್ಯ. ಆ ಫೋನಿನಲ್ಲಿ ಆಟ ಹಿಂದೊಮ್ಮೆ ಇದ್ದರೆ ನೀವು ಹೊಸಬರಲ್ಲ, ಅವರಿಗೂ ಹಣವಿಲ್ಲ, ನಿಮಗೂ ಇಲ್ಲ. ನಿಮ್ಮ ವಿಷಯದಲ್ಲಿ ಆಗಿರುವುದು ಬಹುಶಃ ಇದೇ. ಆ್ಯಪ್‌ನ ಲಿಂಕ್ ಬಿಟ್ಟು ನೇರವಾಗಿ ಪ್ಲೇ ಸ್ಟೋರ್‌ನಿಂದ ಆಟ ಹಾಕಿಕೊಂಡರೂ, ವಿಪಿಎನ್ (ಫೋನ್ ಇರುವ ಜಾಗ ಮರೆಮಾಚುವ ವ್ಯವಸ್ಥೆ) ಚಾಲೂ ಇದ್ದರೂ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ಜಾಹೀರಾತು ಐಡಿ (ಜಾಹೀರಾತಿನವರು ಫೋನನ್ನು ಗುರುತಿಸುವ ಸಂಕೇತ) ಅಳಿಸಿದ್ದರೂ ಲೆಕ್ಕ ತಪ್ಪಬಹುದು. ಆದ್ದರಿಂದ ಲಿಂಕ್ ಒತ್ತುವ ಮೊದಲು ಷರತ್ತು ಓದಿ: ಎಷ್ಟು ದಿನದೊಳಗೆ, ಎಷ್ಟನೇ ಹಂತ, ಹೊಸಬರಿಗೆ ಮಾತ್ರವೇ? ಆ ಪುಟದ ಒಂದು ಚಿತ್ರ, ಹಂತ ಮುಟ್ಟಿದಾಗ ದಿನಾಂಕ ಕಾಣುವಂತೆ ಇನ್ನೊಂದು ತೆಗೆದಿಡಿ. ದೂರು ಕೊಡುವಾಗ ಆ್ಯಪ್‌ನವರು ಕೇಳುವುದು ಇವನ್ನೇ. ಒಂದೇ ಫೋನಿನಲ್ಲಿ ಎರಡು ಖಾತೆ ತೆರೆದರೆ ಎರಡೂ ಮುಚ್ಚಿಹೋಗಬಹುದು.

ಎಸ್‌ಎಂಎಸ್ ಓದುವ ಅನುಮತಿ ಕೇಳುವ ಆ್ಯಪ್ ಬೇಡವೇ ಬೇಡ. ಒಟಿಪಿ ಬರುವುದು ಅಲ್ಲಿಗೇ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನಂತೂ 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ.

ನಿಮ್ಮದೇ ಲೆಕ್ಕ ನೋಡಿ: 30 ಗಂಟೆಗೆ 140 ರೂಪಾಯಿ, ಗಂಟೆಗೆ 5 ರೂಪಾಯಿಯೂ ಬೀಳಲಿಲ್ಲ. ಅದೂ ಕನಿಷ್ಠ ಮೊತ್ತ ತಲುಪಿದ ಮೇಲಷ್ಟೇ ಕೈಗೆ. ಕಣ್ಣು, ಬ್ಯಾಟರಿ ಇಷ್ಟು ಸವೆಸುವುದಕ್ಕೆ ತಕ್ಕ ಕೂಲಿ ಇದಲ್ಲ. ಬೇಕೆಂದರೆ ಸಮೀಕ್ಷೆಗೆ ಉತ್ತರಿಸಿದ್ದಕ್ಕೆ ಬಹುಮಾನ ಕೊಡುವ ಗೂಗಲ್ ಒಪಿನಿಯನ್ ರಿವಾರ್ಡ್ಸ್ ಆ್ಯಪ್ ಇಟ್ಟುಕೊಳ್ಳಿ. ಸಮೀಕ್ಷೆ ಬಂದಾಗ ನಿಮಿಷದಲ್ಲಿ ಮುಗಿಯುತ್ತದೆ, ಹೋಗದ ಅಂಗಡಿಗೆ ಹೋದೆ ಎನ್ನಬಾರದು ಅಷ್ಟೆ. ಆಂಡ್ರಾಯ್ಡ್‌ನಲ್ಲಿ ಸಿಗುವುದು ಪ್ಲೇ ಸ್ಟೋರ್‌ನಲ್ಲಿ ಮಾತ್ರ ಬಳಸಬಹುದಾದ ಮೊತ್ತ, ನಗದಲ್ಲ. ವರ್ಷದೊಳಗೆ ಖರ್ಚು ಮಾಡಬೇಕು. ತಿಂಗಳ ಖರ್ಚಿಗೆ ನಗದೇ ಬೇಕೆಂದಾದರೆ ನಿಮ್ಮ ವಾರ್ಡಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಯೋಜನೆ) ಘಟಕದಲ್ಲಿ ಈಗ ಯಾವ ಕೆಲಸ ನಡೆಯುತ್ತಿದೆ ಎಂದು ಈ ವಾರವೇ ವಿಚಾರಿಸಿ.