ಸೆಮಿನಾರ್ ಎಂದರೆ ಕೈ ನಡುಗುತ್ತದೆ, ಆದರೆ ಉಪನ್ಯಾಸಕಿ ಆಗುವ ಆಸೆ. ಎಲ್ಲಿಂದ ಶುರು ಮಾಡಲಿ?

ಎಂಎಸ್ಸಿ ಮೊದಲ ಸೆಮಿಸ್ಟರ್, ನಾಲ್ಕು ಜನರ ಮುಂದೆ ನಿಂತರೆ ಮಾತು ಬರುವುದಿಲ್ಲ, ಓದಿದ್ದು ವಾರ ಕಳೆದರೆ ನೆನಪಿರುವುದಿಲ್ಲ, ಆದರೂ ಪಾಠ ಮಾಡುವ ಕೆಲಸವೇ ಬೇಕು ಎಂದು ಬರೆದಿದ್ದೀರಿ. ಮೂರಕ್ಕೂ ಬೇರೆ ಬೇರೆ ಕೋರ್ಸು ಹುಡುಕಬೇಡಿ. ನಾನು ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ನನಗೆ ಮೂರೂ ಬಂದದ್ದು ಒಂದೇ ಅಭ್ಯಾಸದಿಂದ: ಪುಸ್ತಕ ಮುಚ್ಚಿಟ್ಟು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು, ಓದಿದ್ದನ್ನು ಬಾಯಿಬಿಟ್ಟು ವಿವರಿಸುವುದು.

ನನ್ನ ಮೊದಲ ಸೆಮಿನಾರಿನ ವಿಷಯ ಸಿ4 ದ್ಯುತಿಸಂಶ್ಲೇಷಣೆ, ಅಂದರೆ ಕೆಲವು ಗಿಡಗಳು ಬಿಸಿಲಿನ ಬಲದಿಂದ ಆಹಾರ ತಯಾರಿಸಿಕೊಳ್ಳುವ ಒಂದು ವಿಶೇಷ ದಾರಿ. ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ನಾನು. ಇಂಗ್ಲಿಷ್ ಎಲ್ಲಿ ತಪ್ಪುತ್ತದೋ ಎಂಬ ಹೆದರಿಕೆಗೆ 28 ಸ್ಲೈಡುಗಳಲ್ಲಿ ಪಠ್ಯಪುಸ್ತಕದ ವಾಕ್ಯಗಳನ್ನೇ ಇಳಿಸಿಕೊಂಡಿದ್ದೆ. ತರಗತಿಗೆ ಬೆನ್ನು ಹಾಕಿ, ಪರದೆ ನೋಡಿಕೊಂಡು ಒಂದೇ ಉಸಿರಿಗೆ ಓದಿದೆ. ಮುಗಿದ ಮೇಲೆ ಮೇಡಂ ಕೇಳಿದರು: "ನಿಮ್ಮ ಹೊಲದಾಗ ಏನು ಬೆಳೀತೀರಿ?" "ಬಿಳಿಜೋಳ ರೀ ಮೇಡಂ" ಅಂದೆ. "ಮತ್ತ ಇಷ್ಟೊತ್ತನಕ ಅದರ ಮಾತೇ ಬರಲಿಲ್ಲಲ್ಲ?" ಸಿ4 ಸಸ್ಯಗಳ ಪಟ್ಟಿಯಲ್ಲಿ ಜೋಳ ಇತ್ತು, ನಾನು ಅದನ್ನು ಓದಿಯೂ ಇದ್ದೆ. ಅದು ನಮ್ಮ ಹೊಲದ ಜೋಳವೇ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ಆ ರಾತ್ರಿ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಕನ್ನಡ ಎಂಎ ಅಕ್ಕನಿಗೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲೆಯ ಒಳಗಿನ ಚಿತ್ರ ಬರೆದು ಹೇಳತೊಡಗಿದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ರುಬಿಸ್ಕೋ ಎಂಬ ಕಿಣ್ವ, ಬಿಸಿಲು ಏರಿದಂತೆಲ್ಲ ಆಮ್ಲಜನಕವನ್ನು ಹೆಚ್ಚು ಹೆಚ್ಚಾಗಿ ಹಿಡಿಯುತ್ತದೆ, ಅದರಿಂದ ಗಿಡಕ್ಕೆ ನಷ್ಟ. ಜೋಳ, ಕಬ್ಬು, ಮೆಕ್ಕೆಜೋಳ ಹಾಗಲ್ಲ. ಅವು ಬೇರೊಂದು ಕಿಣ್ವದಿಂದ ಇಂಗಾಲ ಹಿಡಿದು, ನರದ ಸುತ್ತ ಇರುವ ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ರುಬಿಸ್ಕೋಗೆ ಒಪ್ಪಿಸುತ್ತವೆ. ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಕಬ್ಬಿನ ಎಲೆಯಲ್ಲಿ ಇದನ್ನು ವಿವರಿಸಿದ್ದರು. ಅಕ್ಕ ಎಲ್ಲ ಕೇಳಿ, "ಇಷ್ಟು ಚಲೋ ಇದ್ರ ಭತ್ತ ಯಾಕ ಹಂಗ ಮಾಡಂಗಿಲ್ಲ?" ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಹನ್ನೊಂದು ಗಂಟೆಗೆ ಮತ್ತೆ ಪುಸ್ತಕ ತೆಗೆದೆ. ಒಂದು ಅಣು ಇಂಗಾಲದ ಡೈಆಕ್ಸೈಡಿಗೆ ಭತ್ತದ ದಾರಿಯಲ್ಲಿ 3 ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಸಾಕು, ಜೋಳದ ದಾರಿಗೆ 5 ಬೇಕು. ತಂಪು ಹವೆಯಲ್ಲಿ ಆ ಹೆಚ್ಚಿನ ಖರ್ಚು ಗಿಟ್ಟುವುದಿಲ್ಲ. ಆ ಎರಡು ಅಂಕಿಗಳನ್ನು ನಾನು ಮತ್ತೆಂದೂ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ.

ಓದು ನೆನಪಿರುವುದಿಲ್ಲ ಎಂದಿರಲ್ಲ, ಅದಕ್ಕೆ ಉತ್ತರ ಇಲ್ಲೇ ಇದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವಿದೆ. ಕೆಲವರು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದರು, ಉಳಿದವರು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ವಾರದ ನಂತರ ನೆನಪಿನಿಂದ ಬರೆದವರು ಮುಂದೆ. ಪರೀಕ್ಷೆಯ ಹಿಂದಿನ ರಾತ್ರಿ ಗೆರೆ ಎಳೆದು ಓದಿದಾಗ ಎಲ್ಲ ಬಂದಂತೆ ಅನಿಸುವುದು, ಆಮೇಲೆ ಮಾಯವಾಗುವುದು ಇದಕ್ಕೇ. ನಿಮ್ಮ ಬುದ್ಧಿಯಲ್ಲಿ ಕೊರತೆಯಿಲ್ಲ, ಓದುವ ಕ್ರಮ ಬದಲಾಗಬೇಕು ಅಷ್ಟೇ. ಪ್ರತಿದಿನ ಒಂದು ವಿಷಯ, ಖಾಲಿ ಹಾಳೆ, ಹತ್ತು ನಿಮಿಷ. ಎಲ್ಲಿ ತಡವರಿಸಿದಿರೋ ಅಷ್ಟನ್ನು ಮಾತ್ರ ಪುಸ್ತಕದಲ್ಲಿ ನೋಡಿ.

ಕೈ ನಡುಗುವುದಕ್ಕೆ ನಾನು ಮಾಡಿದ್ದು ಹೇಳುತ್ತೇನೆ. ಕೈಯಲ್ಲಿ ಹಾಳೆ ಹಿಡಿಯಬೇಡಿ, ಹಾಳೆ ನಡುಗುವುದು ಕಂಡರೆ ಭಯ ಇನ್ನೂ ಏರುತ್ತದೆ. ಚಾಕ್‌ಪೀಸ್ ಹಿಡಿಯಿರಿ, ಮೊದಲ ನಿಮಿಷದಲ್ಲೇ ಬೋರ್ಡಿನ ಮೇಲೆ ಒಂದು ಚಿತ್ರ ಬರೆಯಿರಿ. ಕೈಗೆ ಕೆಲಸ ಸಿಗುತ್ತದೆ, ನಿಮ್ಮ ಮೇಲಿದ್ದ ಕಣ್ಣುಗಳು ಬೋರ್ಡಿನತ್ತ ಹೋಗುತ್ತವೆ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಇರಲಿ, ಉಳಿದದ್ದು ಬೇಡ. ಬಾಯಿಪಾಠ ಮಾಡಿದ ಭಾಷಣದಲ್ಲಿ ಒಂದು ಪದ ಜಾರಿದರೂ ಮುಂದಿನದೆಲ್ಲ ನಿಂತುಹೋಗುತ್ತದೆ. ಇಂಗ್ಲಿಷಿನಲ್ಲೇ ಹೇಳಬೇಕಾದರೂ ಮೊದಲು ಕನ್ನಡದಲ್ಲಿ ಯಾರಿಗಾದರೂ ವಿವರಿಸಿ. ವಿಷಯ ಕೈಗೆ ಸಿಕ್ಕ ಮೇಲೆ ಭಾಷೆ ಅಷ್ಟೊಂದು ಹೆದರಿಸುವುದಿಲ್ಲ. ಹಿಂದಿನ ದಿನ ಖಾಲಿ ತರಗತಿಯಲ್ಲಿ ನಿಂತುಕೊಂಡೇ ಎರಡು ಸಲ ಹೇಳಿ. ವಿಭಾಗದ ಕಾರ್ಯಕ್ರಮದಲ್ಲಿ ಸ್ವಾಗತ, ವಂದನಾರ್ಪಣೆ ಯಾರಿಗೂ ಬೇಡವಾದಾಗ ನೀವು ಕೈ ಎತ್ತಿ. ಎರಡೇ ನಿಮಿಷದ ಕೆಲಸ, ಆದರೆ ಮೈಕಿನಲ್ಲಿ ನಮ್ಮ ದನಿ ನಮಗೇ ಹೇಗೆ ಕೇಳುತ್ತದೆ ಎಂಬುದು ರೂಢಿಯಾಗುತ್ತದೆ.

ಇನ್ನು ಪಾಠ ಮಾಡುವುದು. ಜೂನಿಯರ್‌ಗಳಿಗೆ ಇಂಟರ್ನಲ್ಸ್ ಮುಂಚೆ ಒಂದು ಅಧ್ಯಾಯ ಹೇಳಿಕೊಡಿ. ಸುಮ್ಮನಿರುವುದನ್ನು ಕಲಿಯುವುದೇ ಅಲ್ಲಿ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಲ್ಲಿ ಮಕ್ಕಳ ಉತ್ತರ ಉದ್ದವಾಯಿತು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ನಾನೂ ಮೊದಮೊದಲು ಕೇಳಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಈಗ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಹೋದ ವರ್ಷ "ಏಪ್ರಿಲ್ ಬಿಸಿಲಲ್ಲೂ ಕಬ್ಬು ಹೇಗೆ ಹಸಿರಾಗಿರುತ್ತೆ?" ಎಂದು ಕೇಳಿ ಎಣಿಸುತ್ತಿದ್ದೆ. ಅದುವರೆಗೂ ಮಾತಾಡದಿದ್ದ ಹಿಂದಿನ ಬೆಂಚಿನ ಹುಡುಗಿ "ನೀರು ಬಿಟ್ಟಿರ್ತೀವಲ್ರೀ ಮೇಡಂ" ಅಂದಳು. ಅವಳು ಹೇಳಿದ್ದು ನಿಜವೇ. ಅವತ್ತಿನ ಪಾಠ ಅವಳ ಗದ್ದೆಯ ಕಾಲುವೆಯಿಂದಲೇ ಶುರುವಾಯಿತು.

ನಿಮ್ಮ ಸೆಮಿನಾರಿನ ವಿಷಯ ಯಾವುದು ಎಂದು ಬರೆದಿಲ್ಲ. ತಿಳಿಸಿದರೆ ಮೊದಲ ಎರಡು ವಾಕ್ಯ ಹೇಗಿರಬಹುದೆಂದು ನಾನೂ ಯೋಚಿಸುತ್ತೇನೆ.