ತೋಳು ಊದಿದ್ದು ನನಗೊಬ್ಬಳಿಗೇ ಯಾಕೆ?

ಪ್ರಶ್ನೆ: ನನಗೆ 34 ವರ್ಷ. ಮಾವನವರಿಗೆ ಉಬ್ಬಸ ಇದೆ. ಮಳೆಗಾಲ ಶುರುವಾಗುವ ಮೊದಲೇ ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ ಮೇ ತಿಂಗಳಲ್ಲಿ ಒಂದೇ ದಿನ ಎಲ್ಲರೂ ಹಾಕಿಸಿಕೊಂಡೆವು. ಆ ರಾತ್ರಿ ನನ್ನ ತೋಳು ಊದಿ ಕೆಂಪಾಯಿತು. ಮೈಕೈ ನೋವು, ಸಣ್ಣಗೆ ಜ್ವರ. ನಮ್ಮವರಿಗೆ ಏನೂ ಆಗಲಿಲ್ಲ. 72 ವರ್ಷದ ಅತ್ತೆ ಮರುದಿನ ಬೆಳಗ್ಗೆಯೇ ಹಲಸಿನ ಹಪ್ಪಳ ಮಾಡಲು ಕೂತರು. ‘ಈಗಿನ ಹೆಣ್ಮಕ್ಕಳ ಮೈಯಲ್ಲಿ ಕಸುವೇ ಇಲ್ಲ’ ಅಂದರು. ಎರಡು ದಿನಕ್ಕೆ ಸರಿಹೋಯಿತು. ಲಸಿಕೆಯಿಂದಲೇ ನನಗೆ ಫ್ಲೂ ಬಂತಾ? ಮುಂದಿನ ವರ್ಷ ಬಿಟ್ಟುಬಿಡಲಾ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಫ್ಲೂ ಅಲ್ಲಮ್ಮ. ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ನಿಮಗೆ ಬಂದದ್ದು, ಆ ಲಸಿಕೆಯನ್ನು ಎದುರಿಸಲು ಮೈ ಎದ್ದು ನಿಂತಾಗ ಬರುವ ಜ್ವರ.

ಇನ್ನು ಕಸುವಿನ ಮಾತು. ಇಲ್ಲಿ ನಿಮ್ಮ ಅತ್ತೆಯವರ ಲೆಕ್ಕ ತಲೆಕೆಳಗಾಗಿದೆ. ಲಸಿಕೆ ಬಿದ್ದ ಮೇಲೆ ತೋಳು ನೋವು, ಊತ, ಮೈಕೈ ನೋವು ಅಂತ ಹೇಳಿಕೊಳ್ಳುವವರಲ್ಲಿ ಗಂಡಸರಿಗಿಂತ ಹೆಂಗಸರು ಜಾಸ್ತಿ, ವಯಸ್ಸಾದವರಿಗಿಂತ ಚಿಕ್ಕ ವಯಸ್ಸಿನವರು ಜಾಸ್ತಿ. ನೀವು ಎರಡೂ ಕಡೆ ಸೇರಿದವರು! ಹೆಂಗಸರ ರೋಗನಿರೋಧಕ ಶಕ್ತಿ ಸಾಮಾನ್ಯವಾಗಿ ಚುರುಕು. 2008ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಫ್ಲೂ ಲಸಿಕೆಯ ಅರ್ಧ ಡೋಸ್ ಪಡೆದ ಹೆಂಗಸರ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ ಡೋಸ್ ಪಡೆದ ಗಂಡಸರಷ್ಟೇ ಪ್ರತಿಕಾಯ, ಅಂದರೆ ವೈರಸ್ ಜೊತೆ ಹೋರಾಡಲು ಮೈ ತಯಾರಿಸುವ ವಸ್ತು, ಹುಟ್ಟಿತ್ತು. ಇದರಲ್ಲಿ ಹಾರ್ಮೋನುಗಳ ಕೈವಾಡವೂ ಇದೆ.

ವಯಸ್ಸಾದಂತೆ ಈ ಚುರುಕು ಮಂಕಾಗುತ್ತದೆ. ಅತ್ತೆಯವರ ತೋಳು ಸುಮ್ಮನಿದ್ದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಅಮೆರಿಕದಲ್ಲಿ 65 ದಾಟಿದವರಿಗೆಂದೇ ಮಾಮೂಲಿಗಿಂತ ನಾಲ್ಕು ಪಟ್ಟು ಮದ್ದಿರುವ ಲಸಿಕೆ ಕೊಡುವುದೂ ಇದಕ್ಕೇ. ಇದನ್ನು ಅವರಿಗೆ ಓದಿ ಹೇಳುತ್ತೀರೋ ಬಿಡುತ್ತೀರೋ, ನಿಮ್ಮ ಮನೆಯ ವಿಷಯ.

ಹಾಗಂತ ‘ನೋವಾದರೇ ಲಸಿಕೆ ಹತ್ತಿತು’ ಅಂತಲೂ ಅಲ್ಲ. ಏನೂ ಆಗದ ಎಷ್ಟೋ ಜನರಿಗೂ ಒಳ್ಳೆಯ ರಕ್ಷಣೆ ಸಿಗುತ್ತದೆ.

ನಿಮ್ಮ ಯಜಮಾನರ ವಿಷಯದಲ್ಲಿ ನನಗೆ ಸ್ವಲ್ಪ ಅನುಮಾನ. ಹಂದಿಜ್ವರದ ಗಲಾಟೆ ಆದಮೇಲೆ, 2010ರಲ್ಲಿ, ಆರೋಗ್ಯ ಸಿಬ್ಬಂದಿಗೆ ಲಸಿಕೆ ಕೊಟ್ಟರು. ನಾನು ಒಂದು ದಿನವಿಡೀ ತೋಳು ಹಿಡಿದುಕೊಂಡು ನರಳಿದೆ. ನಮ್ಮ ಕಾಂಪೌಂಡರ್ ‘ನಂಗೇನೂ ಆಗ್ಲಿಲ್ಲ ಮೇಡಂ’ ಅಂತ ನಗುತ್ತಿದ್ದ. ಸಂಜೆ ಅವನ ಹೆಂಡತಿ ಬಂದು, ‘ರಾತ್ರಿಯೆಲ್ಲ ಮುಲುಗ್ತಿದ್ರು, ಎರಡು ಮಾತ್ರೆ ಕೊಡಿ’ ಅಂದಳು. ಅಂದರೆ ನಮ್ಮ ಕೈಗೆ ಸಿಗುವ ಲೆಕ್ಕ ‘ಆಯಿತು’ ಅಂತ ಹೇಳಿದವರದ್ದು ಮಾತ್ರ. ಬಾಯಿ ಬಿಡದ ಗಂಡಸರು ಅದರಲ್ಲಿ ಇಲ್ಲ. ಹೆಂಗಸರ ಸಂಖ್ಯೆ ದೊಡ್ಡದಾಗಿ ಕಾಣಲು ಇದೂ ಒಂದು ಪಾಲು. ಎಷ್ಟು ಪಾಲು ಅಂತ ಅಳೆಯುವುದು ಕಷ್ಟ, ಅಲ್ವಾ?

ಮುಂದಿನ ವರ್ಷ ಖಂಡಿತ ಹಾಕಿಸಿಕೊಳ್ಳಿ. ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಅದಕ್ಕೇ ಪ್ರತಿ ವರ್ಷ ಬೇಕು. ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಮುಗಿಸಿ. ಮಾವನವರ ಉಬ್ಬಸಕ್ಕೆ ನಿಮ್ಮ ಲಸಿಕೆಯೂ ಒಂದು ಬೇಲಿ. ತೋಳಿಗೆ ತಣ್ಣೀರು ಬಟ್ಟೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ಕೂಡಲೇ ಹೇಳಿ; ಅಂಥದ್ದು ತೀರಾ ಅಪರೂಪ. ಜ್ವರ ಮೂರು ದಿನ ದಾಟಿದರೂ ತೋರಿಸಿ.

ಅತ್ತೆಯವರು ಹಿಂದೆ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡಿದ್ದರೆ, ಅದರ ಉರಿ ಹೇಗಿತ್ತು ಅಂತ ಒಮ್ಮೆ ಕೇಳಿ ನೋಡಿ. ಆ ಸೂಜಿಗೆ ಹೆದರಿ ಎರಡನೇ ಡೋಸಿಗೆ ಬಾರದ ಗಟ್ಟಿಗರು ನಮ್ಮ ಕಡೆ ಬೇಕಾದಷ್ಟು ಜನ ಇದ್ದರು. ಮತ್ತೆ, ಹಪ್ಪಳ ಒತ್ತುವ ಕೈ ಬಿಟ್ಟು ಇನ್ನೊಂದಕ್ಕೆ ಚುಚ್ಚಿಸಿಕೊಳ್ಳಿ.